ಅಡುಗೆಮನೆಗೊಂದು ಗವಾಕ್ಷ

ಅಂಗುಲದಪ್ಪನವರಿಗೆ ಊರಲ್ಲಿ ಯಾರ ಮೇಲೂ ದ್ವೇಷವಿರಲಿಲ್ಲ, ಕಿಟಕಿಗಳ ಮೇಲೆ ಮಾತ್ರ ಇತ್ತು. ಹಳೆಯ ಕಟ್ಟಡಗಳ ಪರಿಶೀಲನಾ ಸಮಿತಿಯಲ್ಲಿ ಅವರದೇ ಕೊನೆಯ ಮಾತು. ಸಂರಕ್ಷಿತ ಮನೆಯಲ್ಲಿ ಯಾರಾದರೂ ಒಂದು ಮೊಳೆ ಹೊಡೆಯಬೇಕೆಂದರೂ ಅಳತೆಪಟ್ಟಿ ಹಿಡಿದು ಬರುತ್ತಿದ್ದರು. ಡಾಕ್ಟರು ಎದೆ ತಟ್ಟಿ ನೋಡುವ ಹಾಗೆ ಗೋಡೆ ತಟ್ಟಿ, "ಮೊದಲಿತ್ತಾ? ಇತ್ತು ಅಂದ್ರೆ ಇರಲಿ. ಇರಲಿಲ್ಲ ಅಂದ್ರೆ ಬೇಡ" ಎಂದು ತೀರ್ಪು ಕೊಟ್ಟು ಹೋಗುತ್ತಿದ್ದರು. (ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಏನೋ ಇದೆ. ಅಂಗುಲ ಅಂಗುಲಕ್ಕೂ ತಕರಾರು ತೆಗೆದೂ ತೆಗೆದೂ ಈ ಹೆಸರು ಬಂತು. ಈಗ ಹೆಂಡತಿಗೂ ಹಳೆಯದು ಚಟ್ಟನೆ ನೆನಪಾಗುವುದಿಲ್ಲ.)

ಅಂಥವರ ಗ್ರಹಚಾರ ನೋಡಿ, ಅವರು ವಾಸವಿದ್ದದ್ದೂ ಒಂದು ಸಂರಕ್ಷಿತ ಮನೆಯಲ್ಲೇ. ಒಂದು ಕಾಲಕ್ಕೆ ಸುತ್ತ ಹೊಲವಿದ್ದು, ಈಗ ಸುತ್ತ ರಸ್ತೆಯಿರುವ ಹಳೆಯ ರೈತರ ಮನೆ. ಮುಂದೆ ಅವರು ಬರೆಯುವ ಕೋಣೆ, ಅದಕ್ಕೆ ಆಳೆತ್ತರದ ಕಿಟಕಿ. ಹಿಂದೆ ಅಡುಗೆಮನೆ, ಅದಕ್ಕೆ ಕಿಟಕಿಯೇ ಇಲ್ಲ. ನಡುಮಧ್ಯಾಹ್ನವೂ ಅಲ್ಲಿ ದೀಪ ಬೇಕು. ದೀಪ ಹಾಕಿದರೆ ಮೂಲೆಗಳು ಇನ್ನಷ್ಟು ಕಪ್ಪಾಗುತ್ತಿದ್ದವು. ಒಬ್ಬಳೇ ಇದ್ದಾಗಲೂ ಯಾರಿಗೋ ಜಾಗ ಬಿಟ್ಟು ನಿಲ್ಲುವುದು ಅವರ ಹೆಂಡತಿಗೆ ಅಭ್ಯಾಸವಾಗಿ ಹೋಗಿತ್ತು.

ಒಂದು ಬೆಳಗ್ಗೆ ಅವಳು ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಂದು ಗಂಡನ ಮೇಜಿನ ಮುಂದೆ ನಿಂತಳು.

"ತರಕಾರಿ ಅಂದ್ಕೊಂಡು ಬೆರಳು ಹೆಚ್ಚಿದ್ದೀನಿ. ಅಡುಗೆಮನೆಗೆ ಒಂದು ಕಿಟಕಿ ಬೇಕು."

"ಮೊದಲಿತ್ತಾ?"

"ನಾನು ಮೊದಲು ಇದ್ದೆನಾ ಈ ಮನೇಲಿ? ಆಮೇಲೆ ತಂದಿಟ್ಕೊಳ್ಳಲಿಲ್ವಾ?"

"ನೀನು ಗೋಡೆ ಒಡ್ಕೊಂಡು ಬರಲಿಲ್ಲ."

"ಸರಿ. ಸಮಿತಿಗೆ ಅರ್ಜಿ ಹಾಕ್ತೀನಿ. ಆಗಲ್ಲ ಅಂದ್ರೆ ನಮ್ಮಕ್ಕನ ಮನೆಗೆ ಹೋಗಿ ಇದ್ದುಬಿಡ್ತೀನಿ. ಅವಳ ಅಡುಗೆಮನೇಲಿ ಎರಡು ಕಿಟಕಿ ಇವೆ."

ಅವಳು ಕೂಗಾಡಿದ್ದರೆ ಅಂಗುಲದಪ್ಪನವರಿಗೆ ಭಯವಿರಲಿಲ್ಲ. ಮೆಲ್ಲಗೆ ಹೇಳಿದಳು, ಅದಕ್ಕೇ ಹೆದರಿದರು. ಕಿಟಕಿ ಕೊಟ್ಟರೆ ಊರು ನಗುತ್ತದೆ, ಕೊಡದಿದ್ದರೆ ಹೆಂಡತಿ ಹೋಗುತ್ತಾಳೆ.

ಆದರೂ ಕರ್ತವ್ಯ ಕರ್ತವ್ಯವೇ. ಮರುದಿನ ಅವರು ಕೋಟು ತೊಟ್ಟು, ಬರೆಯುವ ಕೋಣೆಯಿಂದ ಹೊರಟು, ಪಡಸಾಲೆ ದಾಟಿ, 'ನೂತನ ಗವಾಕ್ಷ ಪ್ರಸ್ತಾವ'ದ ಸ್ಥಳಪರಿಶೀಲನೆಗಾಗಿ ಅಡುಗೆಮನೆಗೆ ಅಧಿಕೃತವಾಗಿ ಆಗಮಿಸಿದರು. ಹೆಂಡತಿ ತೋರಿಸಿದ ಕಡೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿದರು. ಟಕ್, ಟಕ್.

ಟಕ್, ಟಕ್ ಎಂದಿತು ಗೋಡೆ.

ಅಂಗುಲದಪ್ಪನವರು ಹಿತ್ತಿಲಿಗೆ ಓಡಿ ಗೋಡೆಯ ಆಚೆ ಬದಿ ನೋಡಿ ಬಂದರು. ಬಿಸಿಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಇಲಿ," ಎಂದರು, ಉಸಿರು ಸರಿಮಾಡಿಕೊಂಡು.

"ನಾನು ಒಲೆ ಮುಂದೆ ನಿಂತಾಗಲೆಲ್ಲ ತಟ್ಟುತ್ತೆ. ಎಷ್ಟು ಸಲ ಹೇಳಿದ್ದೀನಿ ನಿಮಗೆ."

"ಇಲಿಗೆ ಬೇರೆ ಕೆಲಸ ಇರಲ್ಲ."

ಹಾಗೆನ್ನುವಾಗಲೇ ಗೋಡೆಯ ಮೇಲಿನ ಗೀಟು ಕಣ್ಣಿಗೆ ಬಿತ್ತು. ಇದ್ದಿಲಿನಲ್ಲಿ ಎಳೆದ ಚೌಕ, ಸರಿಯಾಗಿ ಒಂದು ಕಿಟಕಿಯಷ್ಟು.

"ಸಂರಕ್ಷಿತ ಗೋಡೆ ಮೇಲೆ ಗೀಚ್ತೀಯಾ?"

"ನಾನಲ್ಲ," ಎಂದು ಅವಳು ಎರಡೂ ಅಂಗೈ ತೋರಿಸಿದಳು. ಸೋಪಿನ ನೊರೆ ಬಿಟ್ಟರೆ ಏನೂ ಇರಲಿಲ್ಲ.

ಅಂಗುಲದಪ್ಪನವರು ತಾವೇ ಕುಂಚ ಹಿಡಿದು ಸುಣ್ಣ ಬಳಿದರು. ಮರುದಿನ ಚೌಕ ಹಾಗೇ ಇತ್ತು. ಮತ್ತೆ ಬಳಿದರು. ಆ ದಿನ ಹೆಂಡತಿ ಅಕ್ಕನ ಮನೆಗೆ ಹೋಗಿದ್ದಳು, ಅಡುಗೆಮನೆಯ ಕೀಲಿ ಇವರ ಕೋಟಿನ ಜೇಬಿನಲ್ಲೇ ಇತ್ತು. ಸಂಜೆ ಬಾಗಿಲು ತೆಗೆದಾಗ ಚೌಕಕ್ಕೆ ಸರಳುಗಳೂ ಬಂದಿದ್ದವು. ಅವರು ಬಾಗಿಲು ಮುಚ್ಚಿ, ಮೊದಲ ಬಾರಿಗೆ ಹೋಟೆಲಿನಲ್ಲಿ ಊಟ ಮಾಡಿದರು.

ಸ್ವಂತ ಮನೆಯ ವಿಚಾರವಾದ್ದರಿಂದ ತೀರ್ಪು ಕೊಡಲು ಉಳಿದ ಇಬ್ಬರು ಸದಸ್ಯರು ಬಂದರು. ಒಬ್ಬರು ಅಧ್ಯಕ್ಷೆ, ಶಾಲೆಯಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಇನ್ನೊಬ್ಬ ದರ್ಜಿ. ಅವನ ಅಂಗಡಿಯ ಕಿಟಕಿಯನ್ನು ಹೋದ ವರ್ಷ ಅಂಗುಲದಪ್ಪನವರು ಹಲಗೆ ಹೊಡೆಸಿ ಮುಚ್ಚಿಸಿದ್ದರು.

"ಇಲ್ಲಿ ಯಾವ ಕಾಲಕ್ಕೂ ಕಿಟಕಿ ಇರಲಿಲ್ಲ. ನೋಡಿ, ನಾನೇ ಕೆರೆದು ತೋರಿಸ್ತೀನಿ," ಎಂದು ಅಂಗುಲದಪ್ಪನವರು ಚಾಕು ತಗೊಂಡು ಸುಣ್ಣ ಕೆರೆದರು.

ಒಂದು ಪದರ ಉದುರಿತು. ಕೆಳಗೆ ಇನ್ನೊಂದು ಇದ್ದಿಲಿನ ಕಿಟಕಿ, ಬೇರೆ ಕೈಯದ್ದು, ಪರದೆ ಇತ್ತು. ಪಕ್ಕದಲ್ಲಿ ಕೆರೆದರು. ಮತ್ತೊಂದು ಕಿಟಕಿ, ಅದರ ಅಂಚಿನಲ್ಲಿ ಹಕ್ಕಿ. ಅದರ ಅಡಿಯಲ್ಲಿ ಸೂರ್ಯನಿರುವ ಇನ್ನೊಂದು. ಒಂದೊಂದು ಕಾಲದ ಸುಣ್ಣದ ಕೆಳಗೂ ಒಬ್ಬೊಬ್ಬಳ ಕಿಟಕಿ. ಅಡುಗೆಮನೆ ತಣ್ಣಗಾಯಿತು. ಯಾರೋ ಹೆಗಲ ಮೇಲಿಂದ ಇಣುಕುತ್ತಿದ್ದಾರೆ ಅನ್ನಿಸಿ ಅಂಗುಲದಪ್ಪನವರು ತಿರುಗಿದರೆ ಹಿಂದೆ ಒಲೆ ಮಾತ್ರ.

"ಬರೆದವರು ಈ ಒಲೆ ಮುಂದೆ ನಿಂತವರು," ಎಂದರು ಹೆಡ್‌ಮಿಸ್. "ಸುಣ್ಣ ಬಳಿದವರು ಯಾರೋ?"

ಅಂಗುಲದಪ್ಪನವರು ಸುಣ್ಣ ಹಿಡಿದ ಉಗುರುಗಳನ್ನು ಜೇಬಿಗೆ ಸೇರಿಸಿದರು.

ಎಲ್ಲಕ್ಕಿಂತ ಕೆಳಗಿದ್ದ, ಎಲ್ಲಕ್ಕಿಂತ ಹಳೆಯ ಕಿಟಕಿಯೊಳಗೆ ಒಬ್ಬ ಗಂಡಸಿದ್ದ. ಕುರ್ಚಿಯಲ್ಲಿ ಕೂತು ಕೆನ್ನೆಗೆ ಕೈ ಕೊಟ್ಟಿದ್ದ. ಸುತ್ತ ಇದ್ದಿಲು ತಿಕ್ಕಿ ತಿಕ್ಕಿ ಕತ್ತಲೆ ಮಾಡಿದ್ದರು. ದರ್ಜಿ ಹತ್ತಿರ ಬಗ್ಗಿ ನೋಡಿದ.

"ಕೋಟಿಗೆ ಎರಡನೇ ಗುಂಡಿ ಇಲ್ಲ," ಎಂದ. ಆಮೇಲೆ ಅಂಗುಲದಪ್ಪನವರ ಕೋಟು ನೋಡಿದ.

ಅಂಗುಲದಪ್ಪನವರು ಎರಡನೇ ಗುಂಡಿಯ ಜಾಗವನ್ನು ಕೈಯಿಂದ ಮುಚ್ಚಿಕೊಂಡರು.

ಹೆಡ್‌ಮಿಸ್ ತೀರ್ಪು ಕೊಟ್ಟರು. ಇಂಥ ಚಿತ್ರಗಳನ್ನು ಒಲೆಯ ಹೊಗೆಗೆ ಬಿಡಬಾರದು. ಗೋಡೆಯ ಆ ಭಾಗವನ್ನು ಇಡಿಯಾಗಿ ಕೊಯ್ದು ತೆಗೆದು, ಇದೇ ಮನೆಯ ಒಣಗಿದ ಕೋಣೆಯಲ್ಲಿ ಕಾಪಾಡಬೇಕು.

"ಮತ್ತೆ ಇಲ್ಲಿ ತೂತಾಗುತ್ತಲ್ಲ?" ಎಂದರು ಅಂಗುಲದಪ್ಪ.

"ಅದಕ್ಕೊಂದು ಕಿಟಕಿ ಹಾಕ್ಕೊಳ್ಳಿ. ಒಣಗಿದ ಕೋಣೆ ಯಾವುದಮ್ಮ?"

"ಇವರು ಬರೆಯೋದು," ಎಂದಳು ಹೆಂಡತಿ.

ದರ್ಜಿ ಕೆಮ್ಮಿದ. "ಹಳೇ ಗೀಟಿಗೆ ಬೆಳಕು ಬೀಳಬಾರದು ಅಂತ ನಿಯಮ ಇದೆ. ನಮ್ಮ ತಾತ ಗೋಡೆ ಮೇಲೆ ಬರೆದ ಅಳತೆಗಳಿವೆ ಅಂತ ನನ್ನ ಕಿಟಕಿ ಮುಚ್ಚಿಸಿದ್ರು. ನಿಯಮ ಬರೆದವರೂ ಇವರೇ."

"ನನ್ನ ಕಿಟಕಿ ಮೊದಲಿಂದ ಇತ್ತು. ಮೊದಲಿತ್ತು ಅಂದ್ರೆ ಇರಬೇಕು," ಎಂದರು ಅಂಗುಲದಪ್ಪ. ದನಿ ಅವರದೇ ಅನ್ನಿಸಲಿಲ್ಲ.

"ಇರುತ್ತೆ ಸ್ವಾಮಿ. ಹಲಗೆ ಹಿಂದೆ ಇರುತ್ತೆ."

ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ. ಅಡುಗೆಮನೆ ಈಗ ಝಗಝಗ. ಹೆಂಡತಿಯ ಅಕ್ಕನೇ ತನ್ನ ಎರಡು ಕಿಟಕಿ ಬಿಟ್ಟು ಇಲ್ಲಿಗೆ ಬಂದು ಕೂರುತ್ತಾಳೆ. ಅಂಗುಲದಪ್ಪನವರು ಹಲಗೆ ಹೊಡೆದ ಕೋಣೆಯ ಕತ್ತಲೆಯಲ್ಲಿ, ಗೋಡೆಯಿಂದ ಕೊಯ್ದು ತಂದ ಮಣ್ಣಿನ ಆ ದೊಡ್ಡ ಚಪ್ಪಡಿಯ ಎದುರು ಕೂರುತ್ತಾರೆ. ಒಂದು ದಿನ ತಡೆಯಲಾರದೆ ಒಂದು ಚೂರು ಇದ್ದಿಲು ತಂದು, ಬರಿಗೋಡೆಯ ಮೇಲೆ ಒಂದು ಚೌಕ ಎಳೆದರು. ಒಳಗೆ ಪುಟ್ಟದೊಂದು ಮರ ಬರೆದರು. ಎದೆ ಸ್ವಲ್ಪ ಹಗುರಾಯಿತು.

ಮರುದಿನ ಗೋಡೆ ಬೆಳ್ಳಗಿತ್ತು. ಬಾಗಿಲಲ್ಲಿ ಹೆಂಡತಿ ಕುಂಚ ತೊಳೆಯುತ್ತಿದ್ದಳು.

"ಸಂರಕ್ಷಿತ ಗೋಡೆ ಮೇಲೆ ಗೀಚ್ತೀರಾ?" ಎಂದು ಹೇಳಿ ಬೆಳಕಿನ ಕಡೆ ಹೊರಟುಹೋದಳು.

ಅಂಗುಲದಪ್ಪನವರು ಕುರ್ಚಿಯಲ್ಲಿ ಕುಸಿದು ಕೆನ್ನೆಗೆ ಕೈ ಕೊಟ್ಟರು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಚಪ್ಪಡಿ ಕಂಡಿತು. ಅದರ ಎಲ್ಲಕ್ಕಿಂತ ಹಳೆಯ ಕಿಟಕಿಯೊಳಗೆ ಕುರ್ಚಿಯಿತ್ತು. ಕುರ್ಚಿಯಲ್ಲಿ ಯಾರೂ ಇರಲಿಲ್ಲ.

ಟಕ್, ಟಕ್.

ಅವರ ಒಂದು ಕೈ ಕೆನ್ನೆಯ ಮೇಲಿತ್ತು, ಇನ್ನೊಂದು ತೊಡೆಯ ಮೇಲೆ. "ಏ, ಕೇಳಿಸ್ತಾ?" ಎಂದು ಕೂಗಿದರು. ಕೂಗು ಸುಣ್ಣದಾಚೆಗೆ ಹೋದ ಹಾಗೆ ಕಾಣಲಿಲ್ಲ.

"ಏನೇ ಅದು ಸದ್ದು?" ಎಂದು ಅಡುಗೆಮನೆಯಲ್ಲಿ ಅಕ್ಕ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ಇಲಿ ಕಣೇ," ಎಂದಳು ಹೆಂಡತಿ. "ಇಲಿಗೆ ಬೇರೆ ಕೆಲಸ ಇರಲ್ಲ."