ಜಾವಳಿ ತಿರುವಿನಲ್ಲಿ ತಾವು ಕೈಬಿಟ್ಟ ಕರೆ

ಜಾವಳಿ ಕಡೆಯ ಗುಡ್ಡದ ಮೇಲೆ ಮಂಜು ಹೊದ್ದು ನಿಂತಿರುವ ಮೊಬೈಲ್ ಟವರ್ ಅವರಿಗೂ, ಕಳಸದ ಕಡೆಯಿಂದ ಕತ್ತು ಚಾಚಿರುವ ಟವರ್ ಅವರಿಗೂ ಸವಿನಯ ವಂದನೆಗಳು.

ಮಾನ್ಯರೇ,

ನಾನು ಪ್ರತಿ ಸೋಮವಾರ ಮೂಡಿಗೆರೆಯಿಂದ ಕಳಸದ ಶಾಲೆಗೆ ಬಸ್ಸಿನಲ್ಲಿ ಹೋಗುವ ಶಿಕ್ಷಕಿ. ಬಸ್ಸು ಸಾಗಿದಂತೆ ನಮ್ಮ ಕರೆಯನ್ನು ತಮ್ಮಲ್ಲೊಬ್ಬರು ಇನ್ನೊಬ್ಬರ ಕೈಗೆ ದಾಟಿಸುತ್ತೀರಂತೆ. ಆದರೆ ಜಾವಳಿ ದಾಟಿದ ಮೇಲಿನ ದೊಡ್ಡ ತಿರುವಿನಲ್ಲಿ ಮೊದಲನೆಯವರು ಬಿಟ್ಟುಬಿಡುತ್ತೀರಿ, ಎರಡನೆಯವರು ಇನ್ನೂ ಕೈಯನ್ನೇ ಚಾಚಿರುವುದಿಲ್ಲ. ತಮ್ಮ ಈ ಶಿಸ್ತಿಗೆ ನಾವು ಎಷ್ಟು ಹೊಂದಿಕೊಂಡಿದ್ದೇವೆಂದರೆ, ಕಂಡಕ್ಟರ್ ಸುಬ್ಬಣ್ಣನವರು "ತಿರುವು ಬಂತು, ಮಾತು ಮುಗ್ಸಿ ಮಾರಾಯ್ರೆ!" ಎಂದು ಕೂಗುತ್ತಲೇ ಇಡೀ ಬಸ್ಸು "ತಿರುವು ಬಂತು, ಇಡ್ತೀನಿ" ಎಂದು ಫೋನ್ ಇಡುತ್ತದೆ. ಹಾಗೆ ಹೇಳದೆ ಇಟ್ಟವರು ಸಿಟ್ಟಿನಿಂದ ಇಟ್ಟರೆಂದೇ ನಮ್ಮ ಕಡೆ ಅರ್ಥ.

ನಮ್ಮ ತಾಯಿ, ಅಮ್ಮಿಯ ಹೊಲಿಗೆ ಯಂತ್ರ ಯಾರಿಗೆಂಬ ಜಗಳದಲ್ಲಿ ಹನ್ನೊಂದು ತಿಂಗಳು ಮಾತು ಬಿಟ್ಟಿದ್ದ ನನ್ನ ತಂಗಿ ಅಮ್ನಾ, ಕಳೆದ ಸೋಮವಾರ ಚಿಕ್ಕಮಗಳೂರಿನಿಂದ ತಾನಾಗಿ ಕರೆ ಮಾಡಿದಳು. "ಆಪಾ, ತಪ್ಪು ನಂದೇ" ಎಂದಳು. ಕಣ್ಣು ತುಂಬಿಬಂದು ಸುಬ್ಬಣ್ಣನವರ ಕೂಗು ನನಗೆ ಕೇಳಿಸಲೇ ಇಲ್ಲ. ಉತ್ತರಕ್ಕೆ ಬಾಯಿ ತೆರೆದೆ, ತಾವು ಕರೆಯನ್ನು ಕಂದಕಕ್ಕೆ ಬಿಟ್ಟಿರಿ. ಮೂರು ದಿನ ಅವಳು ನನ್ನ ಫೋನ್ ಎತ್ತಲಿಲ್ಲ.

ಎಲ್ಲ ತಪ್ಪನ್ನೂ ತಮ್ಮ ಮೇಲೆ ಹೊರಿಸುವುದು ನ್ಯಾಯವೇ ಎಂದು ಆ ಮೂರು ದಿನವೂ ಯೋಚಿಸಿದೆ. ನಿಜ ಹೇಳಬೇಕೆಂದರೆ, ನನ್ನ ನಾಲಿಗೆಯ ತುದಿಯಲ್ಲಿದ್ದದ್ದು "ನಂದೂ ತಪ್ಪಿದೆ" ಎಂಬುದೋ, "ಈಗಲಾದರೂ ಗೊತ್ತಾಯ್ತಲ್ಲ" ಎಂಬುದೋ, ನನಗೇ ಖಾತ್ರಿಯಿಲ್ಲ. ಎರಡನೆಯದಾಗಿದ್ದರೆ ತಾವು ಮಹೋಪಕಾರಿಗಳು.

ಆದರೂ ಒಂದು ಕೋರಿಕೆ. ತುಂಬಿದ ಬಸ್ಸಿನಲ್ಲಿ ನಿಂತ ತಾಯಿ, ಕೂತವರ ಕೈಗೆ ಮಗುವನ್ನು ಕೊಡುವುದನ್ನು ತಾವಿಬ್ಬರೂ ಒಮ್ಮೆ ಇಳಿದುಬಂದು ನೋಡಬೇಕು. ಆಚೆಯವರ ಎರಡೂ ಕೈ ಮಗುವಿನ ಅಡಿಗೆ ಬರುವ ತನಕ ಅವಳು ಬಿಡುವುದಿಲ್ಲ. ಟಿಕೆಟ್ ನಾನೇ ತೆಗೆಸುತ್ತೇನೆ.

ಗುರುವಾರ ಅಮ್ನಾ ನನ್ನನ್ನು ಎದುರೆದುರೇ ಬೈಯಲೆಂದು ಅದೇ ಬಸ್ಸು ಹತ್ತಿದಳು. ತಿರುವಿನಲ್ಲಿ ಅವಳ ಗಂಡ ಇಜಾಜನ ಕರೆಯನ್ನೂ ತಾವು ಅಷ್ಟೇ ನಿಷ್ಪಕ್ಷಪಾತವಾಗಿ ಕೈಬಿಟ್ಟಿರಿ. ಕಳಸದ ನನ್ನ ಬಾಡಿಗೆ ಮನೆಯ ಬಾಗಿಲಿಗೆ ಬಂದಾಗ ಅವಳು ನಗುತ್ತಿದ್ದಳು. "ನಂದೂ ತಪ್ಪಿದೆ" ಎಂದು ನಾನು ಹೇಳಿದೆ, ಪೂರ್ತಿಯಾಗಿ.

ಅರ್ಧ ಸಿಟ್ಟು, ಅರ್ಧ ಕೃತಜ್ಞತೆಯೊಂದಿಗೆ,
ತಮ್ಮ ವಿಶ್ವಾಸಿ,
ತಾಹಿರಾ

ತಾ.ಕ.: ಸೋಮವಾರದ ಆ ಕರೆಯ ಗುಣಮಟ್ಟಕ್ಕೆ ಐದರಲ್ಲಿ ಎಷ್ಟು ಅಂಕ ಎಂದು ಕೇಳುವ ತಮ್ಮ ಸಂದೇಶ ತಲುಪಿದೆ. ಅಮ್ನಾ ಒಂದು ಎನ್ನುತ್ತಾಳೆ, ನಾನು ಎರಡಾದರೂ ಕೊಡೋಣ ಎನ್ನುತ್ತೇನೆ. ಬೆಳಗಿನಿಂದ ಇದೇ ಜಗಳ.