ಲೆಕ್ಕದ ಮಷೀನಿಗೆ ಪೆಡಲು ಹಚ್ಚಿದ್ದು

ವಿಜಾಪುರದಲ್ಲಿ ಕಂಪ್ಯೂಟರಿನ ವೇಗ ಹೆಚ್ಚಿಸಿದ ಮೊದಲ ಮನುಷ್ಯ ನಾನೇ. ಕಣ್ಣಾರೆ ಕಂಡವರೆಲ್ಲ ತೀರಿಕೊಂಡರು. ಸುಳ್ಳು ಅನ್ನಲು ಯಾರೂ ಉಳಿದಿಲ್ಲ. ಸಾಲಿ ಮೆಟ್ಟಿಲು ಹತ್ತದ ನನ್ನ ಕೈಯಿಂದಲೇ ಇಂಥವು ಯಾಕೆ ಆಗುತ್ತವೋ, ನನಗೂ ಆಶ್ಚರ್ಯ.

ಎಪ್ಪತ್ತರ ದಶಕ. ಸ್ಟೇಷನ್ ರಸ್ತೆಯಲ್ಲಿ ನನ್ನ ಸೈಕಲ್ ರಿಪೇರಿ ಅಂಗಡಿ. ಜೋರಾಪುರ ಪೇಟೆಯಲ್ಲಿ ಪಂಚಾಂಗ ಬರೆಯುವ ಆಚಾರ್ಯರ ಮನೆಯಲ್ಲಿ ಒಂದು ಲೆಕ್ಕದ ಮಷೀನು ಇತ್ತು. ಈಗಿನ ಕಂಪ್ಯೂಟರಿನ ಮುತ್ತಜ್ಜ ನೋಡ್ರಿ. ಅಂಕಿ ಇಟ್ಟು ಹಿಡಿಕೆ ತಿರುವಿದರೆ ಸಣ್ಣ ಕಿಂಡಿಗಳಲ್ಲಿ ಉತ್ತರ ತಾನೇ ಬಂದು ನಿಲ್ಲೋದು! ಮೊದಲ ಸಲ ಕಂಡಾಗ ಕೈಮುಗಿದೆ.

ಆದರೆ ಅದು ಆಗ ಗಾಣದೆತ್ತಿಗಿಂತ ನಿಧಾನ ಆಗಿತ್ತು. ಬರುವ ಸೂರ್ಯಗ್ರಹಣದ ಲೆಕ್ಕ ಎಂಟು ದಿನದಲ್ಲಿ ಪ್ರೆಸ್ಸಿಗೆ ಹೋಗದಿದ್ದರೆ ಆ ವರ್ಷ ಪಂಚಾಂಗವೇ ಇಲ್ಲ. "ಒಂದ ವರ್ಷನೂ ತಪ್ಪಿಲ್ಲೋ ತಮ್ಮಾ, ಈ ಸಲ ಮಾನ ಹೋಗತದ" ಅಂದರು ಆಚಾರ್ಯರು.

೧. ಕುಂಕುಮ

ತಿರುಪು ಬಿಚ್ಚಿದೆ. ಒಳಗೆ ಕೆಂಪೋ ಕೆಂಪು! ಪ್ರತಿ ವರ್ಷ ದಸರೆಯ ಖಂಡೆ ಪೂಜೆಯ ದಿನ ಆಚಾರ್ಯರ ಹೆಂಡತಿ ಕಿಂಡಿಯೊಳಗೂ ಕುಂಕುಮ ಏರಿಸಿದ್ದರು. ಹಲ್ಲುಚಕ್ರಗಳಿಗೆಲ್ಲ ಮೆತ್ತಿಕೊಂಡಿತ್ತು.

"ಚಿಮಣಿ ಎಣ್ಣಿ ಕೊಡ್ರಿ, ತೊಳೀತೀನಿ" ಅಂದೆ.

"ಪೂಜಿ ಮಾಡಿದ್ದನ್ನ ಚಿಮಣಿ ಎಣ್ಣಿಯೊಳಗ ತೊಳಿತೀಯಾ?"

"ಅಭಿಷೇಕ ಅಂತ ತಿಳೀರಿ, ಅವ್ವಾರ."

"ಅಭಿಷೇಕ ಹಾಲಿಂದಲೋ!"

"ಈ ದೇವರು ಹಾಲು ಕುಡಿಯಂಗಿಲ್ರಿ."

ಒಂದು ಬಟ್ಟಲು ಕುಂಕುಮ ಹೊರಬಂತು. ಪ್ರಸಾದ ಅಂತ ಅವರು ಓಣಿಗೆಲ್ಲ ಹಂಚಿದರು. ವಾರಗಟ್ಟಲೆ ಓಣಿಯ ಮುತ್ತೈದೆಯರೆಲ್ಲ ಕಂದೀಲು ವಾಸನೆ ಹೊಡೆದರು.

೨. ತೆಗ್ಗು

ಮಷೀನಿನ ಗರಗರ ಸದ್ದು ಇನ್ನೂ ಹೋಗಲಿಲ್ಲ. ಹೊಲಿಗೆ ಮಷೀನಿನ ತೆಳು ಎಣ್ಣೆ ಬಿಡಲು ಟಿಕೋಟಾದ ದರ್ಜಿಯೊಬ್ಬ ಒಪ್ಪಿದ. ಮಷೀನನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟೆ. ತೊರವಿ ದಾಟಿದ್ದೇ ತಡ, ರಸ್ತೆ ತುಂಬ ಬರೀ ತೆಗ್ಗು. ಒಂದೊಂದು ತೆಗ್ಗಿಗೂ ಹಿಡಿಕೆ ತಾನೇ ಒಂದು ಸುತ್ತು ತಿರುಗಿತು! ಟಿಕೋಟಾದಲ್ಲಿ ದರ್ಜಿ ಕಿಂಡಿ ನೋಡಿ, "ನಾಲ್ಕನೂರಾ ಹನ್ನೆರಡು. ಏನಿದು?" ಅಂದ.

"ತೆಗ್ಗಿನ ಲೆಕ್ಕ" ಅಂದೆ.

ಎಣ್ಣೆ ಬಿಡಿಸಿಕೊಂಡು ಅದೇ ದಾರಿಯಲ್ಲಿ ತಿರುಗಿ ಬಂದೆ. ಹೋಗುವಾಗಿನ ತೆಗ್ಗಿನ ಲೆಕ್ಕ ಹೇಳಿದೆ; ಆಚಾರ್ಯರು ಕಿಂಡಿ ನೋಡಿದರು. "ಎಂಟನೂರಾ ಇಪ್ಪತ್ತಮೂರು. ಎರಡುಪಟ್ಟಿಗೆ ಒಂದು ಕಡಿಮಿ ಅದಲ್ಲೋ?"

"ಒಂದು ತೆಗ್ಗು ತಪ್ಪಿಸಿ ಬಂದೀನ್ರಿ."

೩. ಪೆಡಲು

ಉಳಿದದ್ದು ಒಂದೇ ದಿನ. ಹಿಡಿಕೆ ಬಿಚ್ಚಿ ಸೈಕಲ್ ಚೈನು ಹಚ್ಚಿದೆ. ಆಚಾರ್ಯರು ಅಂಕಿ ಇಟ್ಟರು, ನಾನು ತುಳಿದೆ. ಮಷೀನಿನ ಗಾಳಿಗೆ ಹಾಳೆಗಳು ಅಟ್ಟಕ್ಕೆ ಹಾರಿದವು! ತಿಂಗಳ ಲೆಕ್ಕ ಊಟದ ಹೊತ್ತಿಗೆ ಮುಗಿಯಿತು. "ಬ್ರಹ್ಮಾಂಡನ ತುಳದ್ಯಲ್ಲೋ ತಮ್ಮಾ!" ಅಂದರು ಆಚಾರ್ಯರು. ಪಂಚಾಂಗ ಹೊತ್ತಿಗೆ ಸರಿಯಾಗಿ ಅಚ್ಚಾಯಿತು.

ಗ್ರಹಣದ ದಿನ ಇಬ್ಬರೂ ಬಬಲೇಶ್ವರದಲ್ಲಿದ್ದೆವು. ಗ್ರಹಣ ಬಿಡದೆ ಸ್ನಾನವಿಲ್ಲ, ಸ್ನಾನವಿಲ್ಲದೆ ಊಟವಿಲ್ಲ; ಊರೆಲ್ಲ ಹಸಿದು ಕುಂತಿತ್ತು. ಲೆಕ್ಕ ತಪ್ಪಿದ್ದರೆ ಗತಿಯೇನು ಅಂತ ಆಚಾರ್ಯರು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. ಮಟಮಟ ಮಧ್ಯಾಹ್ನ ಕತ್ತಲಾಯಿತು. ಕೋಳಿಗಳು ಗೂಡು ಸೇರಿದವು. ಬರೆದ ನಿಮಿಷಕ್ಕೆ ಸರಿಯಾಗಿ ಸೂರ್ಯ ಹೊರಬಂದ! ಜನ ಆಚಾರ್ಯರ ಕಾಲಿಗೆ ಬಿದ್ದರು, ಆಚಾರ್ಯರು ನನ್ನ ಸೈಕಲ್ಲಿನ ಕಾಲಿಗೆ.

ಮೊನ್ನೆ ಅಂಗಡಿಯಲ್ಲಿ ಇದನ್ನೇ ಹೇಳುತ್ತಿದ್ದೆ. ಪಂಕ್ಚರ್ ತೆಗೆಸಲು ಬಂದಿದ್ದ ಆಚಾರ್ಯರ ಮೊಮ್ಮಗಳು ನಕ್ಕಳು.

"ಅಜ್ಜಾ, ಆ ಪಂಚಾಂಗ ನಮ್ಮನಿಯೊಳಗ ಇನ್ನೂ ಅದ. 'ಈ ಗ್ರಹಣ ನಮ್ಮ ಪ್ರಾಂತದಲ್ಲಿ ಕಾಣಿಸುವುದಿಲ್ಲ' ಅಂತ ನಮ್ಮಜ್ಜನ ಬರದಾರ."

ಟ್ಯೂಬಿಗೆ ಗಾಳಿ ಹಾಕುತ್ತಲೇ ಅಂದೆ: "ನನಗೇನ ಓದಾಕ ಬರತಿತ್ತೇನವ್ವಾ? ಅದಕ್ಕ ಕಂಡಬಿಡ್ತು!"