ಕುಚ್ಚಿನ ಬ್ಲಾಗಿಗೆ ಗುರುತಿಲ್ಲದ ಗಿರಾಕಿ

ನಾನು ಸುಮ್ಮನೆ ಕೂತರೂ ಇಂಥ ಪ್ರಸಂಗಗಳು ಸುಮ್ಮನೆ ಕೂರುವುದಿಲ್ಲ, ಮನೆ ಹುಡುಕಿಕೊಂಡು ಬರುತ್ತವೆ. ಅಷ್ಟಕ್ಕೂ ಸುಮ್ಮನೆ ಕೂರುವುದು ನನ್ನ ಜಾತಕದಲ್ಲೇ ಬರೆದಿಲ್ಲ ಅನ್ನಿ.

ನಂಜನಗೂಡಿನ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಸೀರೆ ಸೆರಗಿಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಗಿರಾಕಿಗಳೆಲ್ಲ ನಮ್ಮ ಬೀದಿಯವರೇ. ಇಷ್ಟು ಚೆನ್ನಾಗಿ ಕಟ್ಟುತ್ತೇನೆ, ಬೀದಿ ದಾಟಿ ಒಂದು ನರಪಿಳ್ಳೆಗೂ ಗೊತ್ತಿಲ್ಲವಲ್ಲ ಅಂತ ಒಂದೇ ಚಡಪಡಿಕೆ. ಎರಡು ಸಾವಿರದ ಎಂಟನೇ ಇಸವಿ ಇರಬೇಕು, ಟಿ. ನರಸೀಪುರದಿಂದ ಬಂದ ನನ್ನ ತಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿಗೆ ಕರೆದುಕೊಂಡು ಹೋಗಿ ಕುಚ್ಚಿಗೇ ಅಂತ ಒಂದು ಬ್ಲಾಗ್ ಮಾಡಿಕೊಟ್ಟ. ಮನೆಯ ವಿಳಾಸ, ಫೋನ್ ನಂಬರನ್ನೂ ಹಾಕಿದ. "ಅಕ್ಕ, ಇನ್ಮೇಲೆ ಪ್ರಪಂಚವೇ ನಿನ್ ಬೀದಿ" ಅಂದ.

ಅವತ್ತಿನಿಂದ ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ತರಕಾರಿ ನೆಪದಲ್ಲಿ ಒಂದು ಸಲ ಸೈಬರ್ ಸೆಂಟರಿಗೆ ಓಡುವುದು, ಯಾರಾದರೂ ನೋಡಿದರಾ ಅಂತ ನೋಡುವುದು. ಗುಮಾಸ್ತರಾದ ನಮ್ಮ ಯಜಮಾನರು ಆಫೀಸಿನ ಧಾಟಿಯಲ್ಲೇ ಆರ್ಡರ್ ಹೊರಡಿಸಿದರು.

"ಗೌರಿ ಹಬ್ಬದ ತನಕ ಟೈಮು. ಅಷ್ಟರಲ್ಲಿ ಗುರುತು ಪರಿಚಯ ಇಲ್ಲದೋರು ಒಬ್ಬರಾದ್ರೂ ಬ್ಲಾಗ್ ನೋಡ್ಕೊಂಡು ಬಂದು ಸೀರೆ ಕೊಡ್ಬೇಕು. ಇಲ್ದಿದ್ರೆ ಅದನ್ನ ಮುಚ್ಚಿ ಮನೇಲಿ ಕೂತು ಕುಚ್ಚು ಕಟ್ಟು."

ಒಬ್ಬರೇ ಒಬ್ಬರು ತಾನೇ, ಬಾರದೇ ಇರುತ್ತಾರಾ ಅಂದುಕೊಂಡು ನಾನೂ ಒಪ್ಪಿಬಿಟ್ಟೆ.

೧. ಹಂಡೆ

ಬ್ಲಾಗಿಗೆ ಫೋಟೋ ಬೇಕಲ್ಲ. ತಮ್ಮನ ಕ್ಯಾಮೆರಾ ಇಸಿದುಕೊಂಡು, ಹಿತ್ತಲಿನ ಹಗ್ಗದ ಮೇಲೆ ಸೀರೆ ಹರಡಿ, ಕುಚ್ಚು ಗಾಳಿಗೆ ತೂಗುವ ಹಾಗೆ ಫೋಟೋ ತೆಗೆದು ಹಾಕಿದೆ. ಒಂದು ವಾರ ಏನೂ ಇಲ್ಲ. ಎಂಟನೇ ದಿನ ಮೊದಲನೇ ಕಾಮೆಂಟ್ ಬಂತು: "ತುಂಬಾ ಚೆನ್ನಾಗಿದೆ. ಸೀರೆಯ ಹಿಂದೆ ಕಾಣುವ ತಾಮ್ರದ ಹಂಡೆ ಕೊಡುವುದಿದ್ದರೆ ತಿಳಿಸಿ."

ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಅತ್ತೆಯ ಹತ್ತಿರ ಹೇಳಿಕೊಂಡೆ. ಅತ್ತೆ ಸಾವಧಾನವಾಗಿ ಕೇಳಿಸಿಕೊಂಡರು.

"ನನ್ ಹಂಡೇನ ಎಷ್ಟು ಜನ ಕೇಳವ್ರೆ?"

"ಒಬ್ಬರು."

"ನಿನ್ ಕುಚ್ಚನ್ನ?"

"ಯಾರೂ ಇಲ್ಲ."

ಅವತ್ತಿನಿಂದ ನಾನು ಕ್ಯಾಮೆರಾ ಮುಟ್ಟಿದರೆ ಸಾಕು, ಅತ್ತೆ ಹುಣಸೇಹಣ್ಣು ಹಾಕಿ ಹಂಡೆ ಫಳಫಳ ತಿಕ್ಕಿಟ್ಟು ಬಂದು ಹೇಳುತ್ತಿದ್ದರು: "ಸೀರೇನ ಒಸಿ ಆಚೆಗೆ ಸರಿಸವ್ವ, ಹಂಡೆಗೆ ಅಡ್ಡ ಬತ್ತದೆ."

೨. ರಿಸಲ್ಟ್ ದಿನ

ಬ್ಲಾಗನ್ನು ಎಷ್ಟು ಜನ ನೋಡಿದರು ಅಂತ ಎಣಿಸುವ ಒಂದು ಮೀಟರ್ ಅದರ ಕೆಳಗೇ ಇತ್ತು. ಎರಡು ತಿಂಗಳಾದರೂ ಅದು ತೆವಳುತ್ತಲೇ ಇತ್ತು. ಅದರಲ್ಲೂ ಮುಕ್ಕಾಲು ಪಾಲು ನಾನೇ ನೋಡಿದ್ದು. ನನ್ನ ಸಪ್ಪೆ ಮುಖ ನೋಡಲಾರದೆ ಸೈಬರ್ ಸೆಂಟರಿನ ಯಜಮಾನ ಒಂದು ಉಪಕಾರ ಮಾಡಿದ. ಅವನ ಅಂಗಡಿಯ ಎಲ್ಲ ಕಂಪ್ಯೂಟರಿನಲ್ಲೂ ಇಂಟರ್‌ನೆಟ್ ತೆರೆದ ತಕ್ಷಣ ಮೊದಲು ನನ್ನ ಬ್ಲಾಗೇ ಬರುವ ಹಾಗೆ ಇಟ್ಟ. ನನಗೆ ಮಾತ್ರ ಹೇಳಲಿಲ್ಲ, ಆಶ್ಚರ್ಯ ಆಗಲಿ ಅಂತ.

ಒಂದು ದಿನ ಸಂಜೆ ಹೋಗಿ ನೋಡುತ್ತೇನೆ, ಮೀಟರು ಆಟೋ ಮೀಟರಿನ ಹಾಗೆ ಓಡುತ್ತಿದೆ! ಒಂದೇ ದಿನಕ್ಕೆ ಮುನ್ನೂರು ಜನ. ಖುಷಿಗೆ ಕಣ್ಣಲ್ಲಿ ನೀರೇ ಬಂತು. ಬೇಕರಿಯಿಂದ ಮೈಸೂರು ಪಾಕ್ ತಂದು ಬೀದಿಗೆಲ್ಲ ಹಂಚಿದೆ. ಮೂಲೆಮನೆಯವರಿಗೆ ಕೊಡಲು ಹೋದರೆ ಅವರು ಕೈಯನ್ನೇ ಚಾಚಲಿಲ್ಲ.

"ಏನ್ ಸಮಾಚಾರ ತಾಯಿ, ಸ್ವೀಟು?"

"ನನ್ ಕುಚ್ಚನ್ನ ಇವತ್ತು ಮುನ್ನೂರು ಜನ ನೋಡವ್ರೆ ಕಣ್ರೀ!"

"ನೋಡ್ದೆ ಇನ್ನೇನು? ಎಸ್ಸೆಸ್ಸೆಲ್ಸಿ ರಿಸಲ್ಟು ಅಂತ ಊರೆಲ್ಲ ಅಲ್ಲೇ ಸಾಲು ನಿಂತಿತ್ತು. ನಾನೂ ನಿಂತಿದ್ದೆ. ಮೊದಲು ನಿಮ್ ಕುಚ್ಚು ಬಂತು, ಆಮೇಲೆ ನನ್ ಮಗ ಫೇಲು ಅಂತ ಬಂತು."

೩. ಕವಲಂದೆ ಬಸ್ಸು

ಗಿರಾಕಿ ತಾನಾಗಿ ಬರದಿದ್ದರೆ ನಾವೇ ಎಳೆದು ತರಬೇಕು ಅಂತ ಬ್ಲಾಗಿನ ವಿಳಾಸವನ್ನು ಚೀಟಿಗಳಲ್ಲಿ ಬರೆದುಕೊಂಡು, ಬಸ್ಸು ಹತ್ತಿದಾಗೆಲ್ಲ ಹಂಚತೊಡಗಿದೆ. ಕವಲಂದೆ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸಿಗೂ ಒಂದು ಕೊಟ್ಟೆ. "ಸೈಬರ್ ಸೆಂಟರ್‌ನಲ್ಲಿ ಕೇಳಿ, ಕಂಪ್ಯೂಟರಲ್ಲಿ ಕುಚ್ಚು ನೋಡಬಹುದು" ಅಂತಲೂ ಹೇಳಿದೆ. ಆಯಮ್ಮ ಚೀಟಿಯನ್ನು ಎಲೆಅಡಿಕೆ ಚೀಲಕ್ಕೆ ಸೇರಿಸಿಕೊಂಡರು.

ನಾಲ್ಕು ದಿನ ಬಿಟ್ಟು ಸೈಬರ್ ಸೆಂಟರಿನವನು ಫೋನ್ ಮಾಡಿದ. "ಬೇಗ ಬನ್ನಿ ಅಕ್ಕ, ನಿಮ್ ಗಿರಾಕಿ ಬಂದವ್ರೆ." ಚಪ್ಪಲಿ ಮೆಟ್ಟದೆ ಓಡಿದೆ. ನೋಡಿದರೆ ಅದೇ ಹೆಂಗಸು, ಮಡಿಲಲ್ಲಿ ಸೀರೆ ಇಟ್ಟುಕೊಂಡು ಕಂಪ್ಯೂಟರಿನ ಎದುರು ಕಾದು ಕೂತಿದ್ದಾರೆ. ಸೀರೆ ಇಸಿದುಕೊಂಡು, "ವಾರದಲ್ಲಿ ಕಟ್ಟಿಕೊಡ್ತೀನಿ" ಅಂದೆ.

"ಯಾರು ಕಟ್ಟಾದು?"

"ನಾನೇ, ನನ್ನ ಕೈಯಾರೆ."

"ಕೈಯಾಗಾ?" ಸೀರೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು. "ಪ್ಯಾಟೇಲಿ ಕಂಪ್ಯೂಟರು ಕಸೂತಿ ಆಕ್ತದಲ್ಲ, ಅಂಗೇ ಇದೂ ಕುಚ್ಚು ಕಟ್ತದೆ ಅಂತ ಬಸ್ ಚಾರ್ಜು ಕೊಟ್ಕಂಡ್ ಬಂದಿವ್ನಿ. ಕೈಯಾಗೆ ಕಟ್ಟಾದಾದ್ರೆ ನಮ್ ಸೊಸೇನೇ ಕಟ್ತಾಳೆ ಕಣವ್ವ!"

೪. ಇಂಗ್ಲಿಷ್ ಕಾಮೆಂಟು

ಶ್ರಾವಣ ಬಂತು. ಹಬ್ಬ ಹತ್ತಿರವಾದಷ್ಟೂ ನನಗೆ ಊಟ ಸೇರದು, ನಿದ್ದೆ ಬಾರದು. ಅಂಥ ಹೊತ್ತಿನಲ್ಲಿ ಬ್ಲಾಗಿಗೆ ಒಂದು ಉದ್ದನೆಯ ಇಂಗ್ಲಿಷ್ ಕಾಮೆಂಟ್ ಬಂತು. ಫಾರಿನ್ ಹೆಸರು. ನನಗೆ ಅರ್ಥವಾಗಿದ್ದು "ಆರ್ಡರ್" ಅನ್ನುವ ಒಂದೇ ಪದ. ಅಷ್ಟು ಸಾಕಾಯಿತು. ಪ್ರಿಂಟ್ ತೆಗೆಸಿಕೊಂಡು ಹಿಂದಿನ ಬೀದಿಯ ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರ ಮನೆಗೆ ಹೋದೆ.

"ಮೇಷ್ಟ್ರೇ, ಫಾರಿನ್‌ನಿಂದ ಆರ್ಡರ್ ಬಂದಿದೆ. ಓದಿ ಹೇಳಿ, ಸೀರೆ ಹೇಗೆ ಕಳಿಸ್ತಾರಂತೆ?"

ಮೇಷ್ಟ್ರು ಕನ್ನಡಕ ಹಾಕಿಕೊಂಡು ಎರಡು ಸಾಲು ಓದಿದರು. ಕೆಮ್ಮಿದರು. ಒಳಗಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿ ಕಾಗದವನ್ನು ನಾಲ್ಕಾಗಿ ಮಡಚಿದರು.

"ಇದು ಔಷಧಿ ಕಂಪನಿಯ ಜಾಹೀರಾತು ಕಣಮ್ಮ."

"ಆರ್ಡರ್ ಅಂತ ಇದೆಯಲ್ಲ ಮೇಷ್ಟ್ರೇ? ನನಗೆ ಬರೆದಿರೋದು ತಾನೇ?"

"ಇಲ್ಲಮ್ಮ" ಅಂದರು ಮೇಷ್ಟ್ರು ಗಂಭೀರವಾಗಿ, "ಇದು ನಿಮ್ಮ ಯಜಮಾನರಿಗೆ ಬರೆದಿರೋದು."

೫. ಜುಟ್ಟಿಲ್ಲದ ನವಿಲು

ಹಬ್ಬಕ್ಕೆ ಎರಡೇ ದಿನ. ಬ್ಲಾಗಿನ ಆಸೆ ಬಿಟ್ಟು ಅಕ್ಕಿ ಆರಿಸುತ್ತಿದ್ದೆ. ಫೋನ್ ಬಡಿದುಕೊಂಡಿತು.

"ಕುಚ್ಚಿನ ಬ್ಲಾಗ್‌ನೋರಾ?" ಹೆಂಗಸಿನ ದನಿ. "ನಿಮಗೆ ನನ್ನ ಗುರುತಿಲ್ಲ, ತಲಕಾಡಿಂದ ಮಾತಾಡ್ತಿದೀನಿ. ಮೈಸೂರಲ್ಲಿ ಓದ್ತಿರೋ ನನ್ ಮಗಳು ನಿಮ್ ಬ್ಲಾಗ್ ತೋರಿಸಿದ್ಲು."

ಗುರುತಿಲ್ಲ! ಬ್ಲಾಗ್ ನೋಡಿದ್ದಾರೆ! ನನ್ನ ಮಡಿಲಿನ ಅಕ್ಕಿಯೆಲ್ಲ ನೆಲಕ್ಕೆ.

"ಅದ್ರಲ್ಲಿ ನವಿಲು ಸೆರಗಿನ ಹಸಿರು ಸೀರೆ ಇದೆಯಲ್ಲ."

"ಇದೆ ಇದೆ. ಅದೇ ಡಿಸೈನ್ ಬೇಕಾ?"

"ಡಿಸೈನ್ ಆಮೇಲೆ. ಆ ಸೀರೆ ನಿಮಗೆ ತಂದುಕೊಟ್ಟೋರು ಯಾರು? ನಾಳೆ ಬರ್ತೀನಿ, ನನ್ ಮುಖ ನೋಡಿ ಹೇಳಿ." ಫೋನ್ ಇಟ್ಟರು.

ನಮ್ಮ ಕಡೆ ಮದುವೆ, ಗೃಹಪ್ರವೇಶ ಅಂದರೆ ಸೀರೆ ಕೊಡುವುದು ಪದ್ಧತಿ. ಬಂದ ಸೀರೆಗಳನ್ನೆಲ್ಲ ಉಡುವವರು ಯಾರು? ಬೀರುವಿನಲ್ಲಿ ಆರು ತಿಂಗಳು ಇದ್ದು ಇನ್ನೊಬ್ಬರ ಮದುವೆಗೆ ಹೊರಡುತ್ತವೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಕುಚ್ಚು ಕಟ್ಟಿಸಿಬಿಟ್ಟರೆ ಆ ಸೀರೆ ಹೊಸದೇ. ಈ ಹಸಿರು ಸೀರೆಯನ್ನೂ ನಮ್ಮ ಬೀದಿಗೆ ನೆಂಟರಾಗಿ ಬಂದಿದ್ದ ಬನ್ನೂರಿನವರೊಬ್ಬರು "ಮದುವೇಲಿ ಕೊಡೋಕೆ" ಅಂತ ತಂದಿದ್ದರು. ಅದರ ಫೋಟೋವನ್ನು ಊರಿಗೆಲ್ಲ ಕಾಣುವ ಹಾಗೆ ನೇತುಹಾಕಿದವಳು ನಾನು.

ಮರುದಿನ ತಲಕಾಡಿನಾಕೆ ದೊಡ್ಡ ಚೀಲದೊಂದಿಗೆ ಬಂದೇ ಬಿಟ್ಟರು. ಕೂರುವ ಮುಂಚೆಯೇ ಶುರು.

"ಅದು ನಮ್ ಓರಗಿತ್ತಿ ಗೃಹಪ್ರವೇಶಕ್ಕೆ ನಾನು ಕೊಟ್ಟ ಸೀರೆ. ಸೆರಗಲ್ಲಿ ಒಂದು ನವಿಲಿಗೆ ಜುಟ್ಟಿಲ್ಲ ನೋಡಿ, ಅದಕ್ಕೇ ಅಂಗಡಿಯೋನು ಅಷ್ಟು ಕಮ್ಮಿಗೆ..." ಅಂದವರು ತಟ್ಟನೆ ನಿಲ್ಲಿಸಿದರು.

"ಗಿರಾಕಿಗಳ ಹೆಸರು ಹೇಳೋ ಪದ್ಧತಿ ನಮ್ಮಲ್ಲಿಲ್ಲ" ಅಂದೆ. ಆ ಪದ್ಧತಿ ಹುಟ್ಟಿದ್ದು ಆ ಕ್ಷಣದಲ್ಲೇ.

ಅಷ್ಟರಲ್ಲಿ ಕಾಫಿ ತಂದ ಅತ್ತೆ ವಿಷಯ ತಿಳಿದು ಕಿಡಿಕಿಡಿಯಾದರು. "ಪ್ರೀತಿಯಿಂದ ಕೊಟ್ಟ ಸೀರೇನ ಇನ್ನೊಬ್ಬರಿಗೆ ದಾಟ್ಸಾದಾ? ಛೀ, ಎಂಥಾ ಜನವಪ್ಪ!"

ಅತ್ತೆಯ ಬೆಂಬಲ ಸಿಕ್ಕಿ ಆಕೆ ತಣ್ಣಗಾದರು. ಕಾಫಿ ಕುಡಿಯುತ್ತಾ ನಾನು ಕಟ್ಟುತ್ತಿದ್ದ ಕುಚ್ಚನ್ನು ಬೆರಳಲ್ಲಿ ಸವರಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಚೀಲ ಬಿಚ್ಚಿ ಮೂರು ಸೀರೆ ಹೊರಗಿಟ್ಟರು.

"ದೀಪಾವಳಿ ಕಳೆದ್ಮೇಲೆ ನಮ್ಮಲ್ಲಿ ಮೂರು ಮದುವೆ ಇದೆ. ಇವೆಲ್ಲ ನನಗೆ ಬಂದಿದ್ದವು. ಚೆನ್ನಾಗಿ ಕುಚ್ಚು ಕಟ್ಟಿ ಹೊಸದು ಮಾಡ್ಕೊಡಿ. ಬ್ಲಾಗಿಗೆ ಮಾತ್ರ ಹಾಕ್ಬೇಡಿ ತಾಯಿ."

ಸಂಜೆ ಯಜಮಾನರು ಬಂದ ಕೂಡಲೇ ಮೂರು ಸೀರೆಯನ್ನೂ ಅವರ ಮುಂದೆ ಹರಡಿದೆ. ಗುರುತಿಲ್ಲದವರು, ಬ್ಲಾಗ್ ನೋಡಿಯೇ ಬಂದವರು, ಹಬ್ಬಕ್ಕೆ ಇನ್ನೂ ಒಂದು ದಿನ ಇರುವಾಗಲೇ! ಸೋತರೂ ಅವರಿಗೇ ನನಗಿಂತ ಹೆಚ್ಚು ಉಮೇದು ಬಂತು. ಕ್ಯಾಮೆರಾ ತೆಗೆದುಕೊಂಡು, "ನಡಿ, ಹಗ್ಗದ ಮೇಲೆ ಹಾಕು, ಫೋಟೋ ತೆಗೆಯಾಣ" ಅಂದರು.

"ಬ್ಲಾಗಿಗೆ ಹಾಕ್ಬೇಡಿ ಅಂದಿದಾರೆ ಕಣ್ರೀ."

"ಒಂದು ಹಾಕಿದ್ರೆ ಏನಾಗ್ತದೆ? ಆ ನೀಲಿದು ಚೆನ್ನಾಗದೆ."

ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದೇ ಓಡಿ ಬಂದು ಮಗನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡರು.

"ಬ್ಯಾಡ ಕಣ್ಲಾ! ಆ ನೀಲಿ ಸೀರೆ ನರಸೀಪುರದ ಒಂದು ಗೃಹಪ್ರವೇಶದಲ್ಲಿ ನಾನೇ ಕೊಟ್ಟಿದ್ದು. ನಂಗೆ ಅದನ್ನ ಕೊಟ್ಟೋರು ನೋಡ್ಬುಟ್ರೆ ಏನ್ಲಾ ಗತಿ?"